ಕಿರಾಣಿ ಅಂಗಡಿಯ ದಾಸವಾಣಿ

ನಮ್ಮ ನರೇಗಲ್ಲನ್ನು ಸಂಗೀತದ ಊರೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಗದಗಿನಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯಲ್ಲಿ, ಕಣ್ಣು ಹಾಯುವವರೆಗೂ ಹಬ್ಬಿದ ಎರೆಹೊಲಗಳ ನಡುವೆ, ಜೋಳ ಕಡಲೆ ಹತ್ತಿಗಳ ಧಾರಣೆಯ ಮಾತಿನಿಂದಲೇ ಬೆಳಗು ಮಾಡಿ ಆ ಮಾತಿನಿಂದಲೇ ಬೈಗು ಮಾಡುವ ಈ ಊರಿನಲ್ಲಿ, 950ರ ಹೊತ್ತಿಗೆ ಪದ್ಮಬ್ಬರಸಿಯೆಂಬ ಗಂಗರ ರಾಣಿ ಕಟ್ಟಿಸಿದ ಬಸದಿಯೊಂದಿದ್ದು, ರಾಷ್ಟ್ರಕೂಟರ ಕಾಲದ ಕಟ್ಟಡಗಳಲ್ಲಿ ಅದು ಬಹು ದೊಡ್ಡದೆಂದು ಬಲ್ಲವರು ಬಂದು ನೋಡಿಹೋಗುವುದುಂಟಾದರೂ, ಅದರ ಕಂಬಗಳ ನಡುವೆ ಈಗ ಪಾರಿವಾಳಗಳ ಹೊರತು ಮತ್ತಾರೂ ಆಲಾಪಿಸುವುದಿಲ್ಲ. ಆದರೆ ಊರಿಗೆ ಹಾಡು ಬಾರದಿದ್ದ ಮಾತ್ರಕ್ಕೆ ಕಿವಿಯೂ ಇಲ್ಲವೆಂದು ತಿಳಿಯಲಾಗದು. ಗದಗಿನ ವೀರೇಶ್ವರ ಪುಣ್ಯಾಶ್ರಮದಿಂದ ಪಂಚಾಕ್ಷರಿ ಗವಾಯಿಗಳ ಕಾಲದಲ್ಲಿಯೂ ಪುಟ್ಟರಾಜ ಗವಾಯಿಗಳ ಕಾಲದಲ್ಲಿಯೂ ಹೊರಟ ಶಿಷ್ಯರು, ಸುತ್ತಣ ಮಠಗಳ ಪುರಾಣಕ್ಕೆಂದು, ಜಾತ್ರೆಗೆಂದು, ಬಗಲಲ್ಲಿ ಹಾರ್ಮೋನಿಯಂ ಇಟ್ಟುಕೊಂಡು ಬಂದು ಬಂದು, ಈ ಸೀಮೆಯ ಕಿವಿಯನ್ನು ತಮಗೆ ಬೇಕಾದಂತೆ ತಿದ್ದಿ ಇಟ್ಟಿದ್ದಾರೆ. ಶ್ರಾವಣದ ಪುರಾಣದಲ್ಲಿ ತಬಲಾದವನು ಒಂದೇ ಒಂದು ಮಾತ್ರೆ ತಪ್ಪಿದರೂ, ಹಿಂದೆ ಕಂಬಕ್ಕೆ ಒರಗಿ ತೂಕಡಿಸುತ್ತಿದ್ದ ಒಕ್ಕಲಿಗನು ಕಣ್ಣು ತೆರೆದು ನೋಡಿ, ಮತ್ತೆ ಕಣ್ಣು ಮುಚ್ಚುವನು.

ಇದಕ್ಕೂ ಮಿಗಿಲಾಗಿ ನಮಗೊಂದು ಜಂಬವುಂಟು. ಭೀಮಸೇನ ಜೋಶಿಯವರು 1922ರ ಫೆಬ್ರುವರಿ 4ರಂದು ಹುಟ್ಟಿದುದು ರೋಣದಲ್ಲಿ. ನರೇಗಲ್ಲು ಈಗ ಗಜೇಂದ್ರಗಡದ ತಾಲೂಕಿಗೆ ಸಂದಿದ್ದರೂ ಬಹುಕಾಲ ರೋಣದ ತಾಲೂಕಿನ ಊರಾಗಿತ್ತು. ಲೋಕವೆಲ್ಲ ಅವರನ್ನು ಪುಣೆಯವರೆಂದಾಗ ನಮ್ಮವರು ನಕ್ಕು ಸುಮ್ಮನಾಗುವರು. ಗದಗಿನವರು ಅವರನ್ನು ಗದಗಿನವರೆಂದಾಗ ಮಾತ್ರ ಸುಮ್ಮನಿರಲಾರರು. ದೂರದವನು ಕೊಂಡೊಯ್ದರೆ ದಾನವೆಂದು ತಿಳಿಯಬಹುದು, ನೆರೆಯವನು ಕೊಂಡೊಯ್ದರೆ ಅದು ಒತ್ತುವರಿಯೇ ಸರಿ. ನಮ್ಮ ಅಜ್ಜಿಯ ತವರೂ ರೋಣವೇ ಆದುದರಿಂದ, ನಮ್ಮ ಮನೆಯಲ್ಲಿ ಈ ಜಂಬವು ಇತರರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚಾಗಿಯೇ ಇದ್ದಿತು.

ಆ ಭೀಮಸೇನರ ದಾಸವಾಣಿಯ ಕ್ಯಾಸೆಟ್ಟು ನಮ್ಮೂರ ಬಜಾರಕ್ಕೆ ಬಂದುದು, ಬೆಲ್ಲದ ಪೆಂಟಿಗಳ ಜೊತೆಯಲ್ಲಿ. ನಾವು ನಾಲ್ಕಾರು ಮಂದಿ ಸಂಜೆಯ ಹೊತ್ತು ಕೂಡುತ್ತಿದ್ದ ಕಿರಾಣಿ ಅಂಗಡಿಯ ಯಜಮಾನರು ಮಾಲು ತರಲೆಂದು ಗದಗಿಗೆ ಹೋದವರು, ಬರುವಾಗ ಅದನ್ನೂ ತಂದರು. ತಮ್ಮಂತಹ ವ್ಯಾಪಾರಸ್ಥನಿಗೆ ಒಪ್ಪುವ ಗಾಯಕರೆಂದರೆ ಕಿರಾಣಾ ಘರಾಣೆಯವರು ಎಂಬುದು ಅವರ ಬಹುದಿನದ ಚಟಾಕಿ. ಆ ಘರಾಣೆಯ ಹೆಸರು ಉತ್ತರದೇಶದ ಕೈರಾನಾ ಎಂಬ ಊರಿನಿಂದ ಬಂದುದೆಂದೂ, ಅದಕ್ಕೂ ತಮ್ಮ ಉಪ್ಪು ಬೇಳೆಗೂ ಯಾವ ಸಂಬಂಧವೂ ಇಲ್ಲವೆಂದೂ ಎಷ್ಟು ಸಲ ವಿವರಿಸಿದರೂ, "ಎರಡರಾಗೂ ತೂಕಾನ ನೋಡ್ತಾರಲ್ರೀ" ಎಂದು ನಮ್ಮ ಬಾಯಿ ಮುಚ್ಚಿಸಿಬಿಡುವರು. ಅವರ ಟೇಪ್ ರೆಕಾರ್ಡರು ಸಕ್ಕರೆಯ ಚೀಲಕ್ಕೂ ಬ್ಯಾಡಗಿ ಮೆಣಸಿನಕಾಯಿಯ ಚೀಲಕ್ಕೂ ನಡುವೆ, ಮೆಣಸಿನ ಘಾಟು ಒಳಗೆ ಹೋಗದಂತೆ ಒಂದು ಹಳೆಯ ಪಂಜೆಯನ್ನು ಹೊದ್ದುಕೊಂಡು ಕುಳಿತಿರುತ್ತಿತ್ತು. ಹಾಡು ಹಚ್ಚುವಾಗ ಆ ಪಂಜೆಯನ್ನು ಸರಿಸಿದ ಕೂಡಲೆ ನಮ್ಮಲ್ಲಿ ಒಬ್ಬಿಬ್ಬರು ಸೀನುವುದು ಆ ಕಛೇರಿಯ ಮಂಗಲಾಚರಣೆಯಾಗಿತ್ತು.

ಅಂದು ಸೀನು ಮುಗಿದು, ತಾಳದ ಕಿಣಿಕಿಣಿ ಕೇಳಿ, ಪುರಂದರದಾಸರ ಆ ಲಕ್ಷ್ಮೀಪದ, ಶುಕ್ರವಾರದ ಸಂಜೆ ಕನ್ನಡನಾಡಿನ ಯಾವ ಬೀದಿಯಲ್ಲಿ ನಡೆದರೂ ಒಂದಲ್ಲ ಒಂದು ಮನೆಯ ಕಿಟಕಿಯಿಂದ ಕೇಳಿಬರುವ ಆ ಪದ, ಭೀಮಸೇನರ ಗಂಟಲಿನಿಂದ ಹೊರಟಾಗ, ಅರ್ಧ ಸೇರು ತೊಗರಿಬೇಳೆಯನ್ನು ತೂಗುತ್ತಿದ್ದ ಹುಡುಗನು ತಕ್ಕಡಿಯನ್ನು ಹಾಗೆಯೇ ಎತ್ತಿ ಹಿಡಿದು ನಿಂತನು. ಬೇಳೆ ಕೊಳ್ಳಲು ಬಂದಾಕೆಯೂ ಅವಸರಿಸಲಿಲ್ಲ. ಹಾಡು ಮುಗಿಯಿತು, ಮುಗಿದುದೇ ತಡ, ಜಗಳ ಮೊದಲಾಯಿತು.

ಮೊದಲು ಬಾಯಿ ಬಿಟ್ಟವರು ನಿವೃತ್ತ ತಲಾಠಿಗಳು. ಇವರು ನಮ್ಮೂರಿನಲ್ಲಿ ಖ್ಯಾಲಿನ ಪಕ್ಷದ ಏಕಮೇವ ಅಧಿಕೃತ ಪ್ರತಿನಿಧಿ. 1950ರ ಜನವರಿಯಲ್ಲಿ ಧಾರವಾಡದ ಆಕಾಶವಾಣಿ ಆರಂಭವಾದಂದಿನಿಂದ ರೇಡಿಯೋದ ಮುಂದೆ ಕುಳಿತು ಕೇಳಿದವರು. ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು ಏಕಾದಶಿಯ ಉಪವಾಸದಂತೆ ನಿಷ್ಠೆಯಿಂದ ನಡೆಸಿಕೊಂಡು ಬಂದವರು. ಪೂರಿಯಾ ಧನಾಶ್ರೀಯನ್ನೋ ಮಿಯಾಂಕೀ ತೋಡಿಯನ್ನೋ ಭೀಮಸೇನರು ಮಂದ್ರದಿಂದ ಎತ್ತಿ, ಒಂದೊಂದು ಸ್ವರಕ್ಕೂ ಹೊಲದ ಬದುವಿನಂತೆ ಮೇರೆ ಕಟ್ಟುತ್ತ, ಮುಕ್ಕಾಲು ಗಂಟೆಯ ಮೇಲೆ ತಾರಷಡ್ಜವನ್ನು ಮುಟ್ಟಿದಾಗ, ಆ ಷಡ್ಜವನ್ನು ತಾವೇ ಅಳೆದು ಖಾತೆಗೆ ಹಚ್ಚಿದವರಂತೆ ನಿಟ್ಟುಸಿರು ಬಿಡುತ್ತಿದ್ದವರು. ಅವರ ಆಕ್ಷೇಪಣೆ ಹೀಗಿತ್ತು: ಯಾವ ಕಂಠವು ರಾಗವೊಂದನ್ನು ಇಂಚಿಂಚಾಗಿ ಬಿಡಿಸಿ ತೋರಿಸಬಲ್ಲುದೋ ಆ ಕಂಠವನ್ನು ತಾಳ ಕುಟ್ಟಿಕೊಂಡು ಏಳೆಂಟು ನಿಮಿಷದಲ್ಲಿ ಮುಗಿಯುವ ಪದಕ್ಕೆ ಇಳಿಸುವುದೆಂದರೆ, ಆನೆಯನ್ನು ತಂದು ರಂಟೆ ಹೊಡೆಯಲು ಹೂಡಿದಂತೆ, ರಂಟೆ ನಡೆಯುವುದೇನೋ ಸರಿಯೇ, ಆದರೆ ಅದು ಆನೆಯ ಕೆಲಸವೇ? ಪುಣೆಯ ಜನ ಅಭಂಗಗಳನ್ನು ಹಾಡಿಸಿ ಹಾಡಿಸಿ ಅವರನ್ನು ಕೆಡಿಸಿದರು. ಈಗ ಕನ್ನಡದವರೂ ಅದೇ ಚಾಳಿಗೆ ಬಿದ್ದರು. ಇಷ್ಟನ್ನು ಹೇಳಿ ಅವರು ಎದ್ದು, ಚಪ್ಪಲಿ ಮೆಟ್ಟಿ, ಮತ್ತೆ ಕುಳಿತರು. ಎರಡನೆಯ ಪದ ಅಷ್ಟರಲ್ಲಿ ಮೊದಲಾಗಿತ್ತು.

ತಲಾಠಿಗಳಿಗೆ ಪ್ರತಿಪಕ್ಷವಾಗಿ ನಿಲ್ಲಬೇಕಾಗಿದ್ದವರು ನಮ್ಮ ಭಜನಾಮೇಳದ ಮುಖ್ಯಸ್ಥರು. ಅವರು ದಾಸರ ಪದಗಳನ್ನೂ ಶರೀಫರ ತತ್ತ್ವಪದಗಳನ್ನೂ ಅದೇ ದಿಮ್ಮಿನ ಮೇಲೆ, ಅದೇ ಏಕತಾರಿಯೊಡನೆ, ಯಾವ ಪಂಕ್ತಿಭೇದವೂ ಇಲ್ಲದೆ ಹಾಡುವವರು. ತಮ್ಮ ಪದಗಳನ್ನು ಇಷ್ಟು ದೊಡ್ಡವರು ಹಾಡಿದರಲ್ಲಾ ಎಂದು ಅವರು ಹಿಗ್ಗುವರೆಂದೇ ನಾವು ತಿಳಿದಿದ್ದೆವು. ಅವರು ಹಿಗ್ಗಲಿಲ್ಲ. ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದು, ಕಡೆಗೆ, "ಹಾಡೇನೋ ಛಲೋ ಐತ್ರಿ, ಆದರ ನಮಗ ಜಾಗಾನ ಇಟ್ಟಿಲ್ಲಲ್ಲ" ಎಂದರು. ಏನೆಂದು ಕೇಳಿದಾಗ ಅವರು ಬಿಡಿಸಿ ಹೇಳಿದ ಮಾತು, ಆ ಸಂಜೆಯ ಮಾತುಗಳಲ್ಲೆಲ್ಲ ನನಗೆ ಬೆಲೆಯುಳ್ಳದಾಗಿ ಕಂಡಿತು. ಭಜನೆಯಲ್ಲಿ ಮೊದಲ ಸಾಲು ಹಾಡುವವನದು, ಎರಡನೆಯದು ಹಿಂದೆ ಕುಳಿತವರದು. ಹಿಂದೆ ಕುಳಿತವರಲ್ಲಿ ಕೆಲವರು ಅಪಸ್ವರದವರು, ಕೆಲವರು ಅರ್ಧ ನಿದ್ದೆಯವರು, ಒಬ್ಬಾತನಂತೂ ಕುಡಿದೇ ಬರುವವನು. ಆದರೂ ಎರಡನೆಯ ಸಾಲು ಅವರದೇ, ಅದನ್ನು ಅವರಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಭೀಮಸೇನರು ಸಾಲನ್ನು ಎಳೆದು, ಮತ್ತೆ ಬೇರೆ ಬಗೆಯಲ್ಲಿ ಎಳೆದು, ಒಂದು ತಾನನ್ನು ಬೀಸಿ, ಉಸಿರು ತಿರುಗಿಸುವಷ್ಟರಲ್ಲಿ ಮುಂದಿನ ನುಡಿಯನ್ನು ಹಿಡಿದುಬಿಡುತ್ತಾರೆ. ಹಿಂದಿನವನು ಬಾಯಿ ತೆರೆಯಬೇಕೆನ್ನುವಾಗ ಹಾಡು ಮುಂದೆ ಹೋಗಿರುತ್ತದೆ. "ದೇವರನ್ನ ಒಬ್ಬರ ಕರದಂಗಾತ್ರಿ" ಎಂದರು. ಹೀಗೆ, ಖ್ಯಾಲಿನವರಿಗೆ ಅದು ಬರಿಯ ಭಜನೆಯಾಗಿ ಕಂಡರೆ, ಭಜನೆಯವರಿಗೆ ಅದು ಬರಿಯ ಖ್ಯಾಲಾಗಿ ಕಂಡಿತು.

ಉಳಿದವರ ಅಭಿಪ್ರಾಯಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಕನ್ನಡಶಾಲೆಯ ಮಾಸ್ತರರಿಗೆ ಪದಗಳ ಉಚ್ಚಾರಣೆ ಸಾಲದಾಯಿತು. ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸಭಾರತದ ವಾಚನವನ್ನು ಕೇಳಿ ಬೆಳೆದ ಅವರಿಗೆ, ಅಕ್ಷರವೊಂದು ಸ್ವರದ ಹೊಟ್ಟೆಯೊಳಗೆ ಮುಳುಗಿಹೋಗುವುದೆಂದರೆ ಕಣ್ಣೆದುರಿಗೆ ಕಳವು ನಡೆದಂತೆ. ಶಿವಾನುಭವಗೋಷ್ಠಿಗೆ ತಪ್ಪದೆ ಹೋಗುವ ನೆರೆಯವರೊಬ್ಬರು, ಮಲ್ಲಿಕಾರ್ಜುನ ಮನ್ಸೂರರು ಅಕ್ಕನ ವಚನಗಳನ್ನು ಹಾಡಿದಾಗ ವಚನವೇ ಮುಂದಾಗಿ ರಾಗವು ಹಿಂದೆ ಕೈಕಟ್ಟಿ ನಿಂತಿರುತ್ತದೆಂದೂ, ಇಲ್ಲಿ ಹಾಗಿಲ್ಲವೆಂದೂ ಹೋಲಿಸಿ ಹೇಳಿದರು. ಅದರಲ್ಲಿ ಸತ್ಯಾಂಶವಿದ್ದಂತೆಯೇ ಕಿಂಚಿತ್ ಪಕ್ಷಪಾತವೂ ಇದ್ದಿತು. ತಕ್ಕಡಿಯ ಹುಡುಗನನ್ನು ಯಾರೂ ಕೇಳಲಿಲ್ಲ. ಮರುದಿನ ಅವನು ಯಜಮಾನರು ಊಟಕ್ಕೆ ಹೋದ ಹೊತ್ತಿನಲ್ಲಿ ಅದನ್ನೇ ಮೂರು ಸಲ ಹಚ್ಚಿದನೆಂದು ಎದುರಿನ ಸಿಂಪಿಗರು ದೂರು ಹೇಳಿದರು.

ಆದರೆ ಇವರೆಲ್ಲರಿಗಿಂತ ಕಠಿಣವಾದ ತೀರ್ಪು ನಮ್ಮ ಮನೆಯಲ್ಲಿಯೇ ಕಾದಿತ್ತು. ಯಜಮಾನರನ್ನು ಬೇಡಿ ಆ ಕ್ಯಾಸೆಟ್ಟನ್ನು ಒಂದು ರಾತ್ರಿಯ ಮಟ್ಟಿಗೆ ಮನೆಗೆ ತಂದು ನನ್ನ ಸೋದರತ್ತೆಗೆ ಕೇಳಿಸಿದೆ. ಚಿಕ್ಕಂದಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ನಿಂತ ಆಕೆಗೆ ಆಗ ಎಂಬತ್ತು ಮೀರಿತ್ತು. ದಾಸರ ಪದಗಳು ನೂರಾರು ಬಾಯಿಗೆ ಬರುತ್ತಿದ್ದುವು, ಒಂದನ್ನೂ ಆಕೆ ಪುಸ್ತಕ ನೋಡಿ ಕಲಿತುದಲ್ಲ. ಹಾಡು ನಡೆಯುತ್ತಿದ್ದಾಗ ಆಕೆ ಹತ್ತಿಯನ್ನು ಬಿಡಿಸಿ ಹೂಬತ್ತಿ ಹೊಸೆಯುತ್ತಿದ್ದಳು. ಅಂಗೈಗೆ ಒಂದಿಷ್ಟು ವಿಭೂತಿಯ ಪುಡಿ, ಅದರ ಮೇಲೆ ಹತ್ತಿಯ ಎಳೆ, ಹೆಬ್ಬೆರಳಿನಿಂದ ಒಂದು ತಿರುವು. ಬತ್ತಿಯ ತುದಿ ಮೊಗ್ಗಿನಂತೆ ನೆಟ್ಟಗೆ ನಿಲ್ಲುವುದು. ಭೀಮಸೇನರು ತಾರಸ್ಥಾಯಿಗೆ ಏರಿ ಗುಡುಗಿದಾಗ ಆ ತಿರುವು ಅರ್ಧಕ್ಕೆ ನಿಂತು, ಬತ್ತಿ ಸೊಟ್ಟಾಯಿತು. ಆಕೆ ಅದನ್ನು ಬೆಳಕಿಗೆ ಹಿಡಿದು ನೋಡಿ, ಬದಿಗಿಟ್ಟು, "ಹುಡುಗ ಛಲೋ ಹಾಡ್ಯಾನ. ಆದರ ಲಕ್ಷ್ಮೀನ ಹಿಂಗ ಒದರಿ ಕರೀತಾರೇನು? ಹೊಸ್ತಿಲದಾಗ ಬಂದಾಕಿ ಹೆದರಿ ಹಿಂದಕ್ಕ ಹೋದಾಳು" ಎಂದಳು. ಆಗ ಅರುವತ್ತು ದಾಟಿದ್ದ, ಪುಣೆಯಿಂದ ಪಂಜಾಬದವರೆಗೂ ಜನ ಎದ್ದು ನಿಂತು ಕೈಮುಗಿಯುತ್ತಿದ್ದ ಗಾಯಕರನ್ನು ಹುಡುಗನೆಂದುದು ನನಗೆ ನಗೆ ತಂದಿತಾದರೂ, ಆಕೆಯ ಆಕ್ಷೇಪಣೆ ನಗುವಂತಹುದಾಗಿರಲಿಲ್ಲ. ಆ ಪದವು ನಮ್ಮ ಮನೆಗಳಲ್ಲಿ ಹೆಂಗಸರ ಸೊತ್ತು. ದೀಪ ಹಚ್ಚುವ ಹೊತ್ತಿನಲ್ಲಿ, ಒಳಕೋಣೆಯಲ್ಲಿ, ನೆರೆಮನೆಗೆ ಕೇಳಿಸಬೇಕೆಂಬ ಆಸೆಯಿಲ್ಲದೆ ಹಾಡತಕ್ಕುದು. ಅದನ್ನು ಗಂಡಸೊಬ್ಬನು ಚೌಕದಲ್ಲಿ ನಿಂತು ಎದೆ ತೆರೆದು ಹಾಡಿದ್ದು ಆಕೆಗೆ, ಅಡಿಗೆಮನೆಯ ಪಾತ್ರೆಯನ್ನು ಯಾರೋ ಜಾತ್ರೆಯ ಅಂಗಡಿಯಲ್ಲಿ ಜೋಡಿಸಿಟ್ಟಂತೆ ತೋರಿರಬೇಕು.

ನಾನು ಯಾವ ಪಕ್ಷದಲ್ಲಿದ್ದೆನೆಂದು ಓದುಗರು ಕೇಳಿಯಾರು. ಮೊದಲ ವಾರ ನಾನು ತಲಾಠಿಗಳ ಪಕ್ಷದವನು. ಅದಕ್ಕೆ ಕಾರಣ ನನ್ನ ಸಂಗೀತಜ್ಞಾನವಲ್ಲ, ತಲಾಠಿಗಳ ಎದುರಿಗೆ ಹೀನನಾಗಿ ಕಾಣಬಾರದೆಂಬ ಭೀತಿ. ನಿಜ ಹೇಳಬೇಕೆಂದರೆ, ಅ.ನ.ಕೃ. ಅವರ ಕಾದಂಬರಿಯಿಂದ ಮಾಡಿದ 'ಸಂಧ್ಯಾರಾಗ'ದಲ್ಲಿ, 1966ರಲ್ಲಿ, ರಾಜಕುಮಾರರು ತೆರೆಯ ಮೇಲೆ ತುಟಿಯಾಡಿಸುತ್ತಿರಲು ಹಿಂದಿನಿಂದ ಭೀಮಸೇನರ ಕನ್ನಡವು ಕೇಳಿಬಂದಾಗ, ಕೊಟ್ಟಿಗೆಯಂತಹ ಚಿತ್ರಮಂದಿರದ ಬೆಂಚಿನ ಮೇಲೆ ಕುಳಿತಿದ್ದ ನನಗೆ ಮೈ ನವಿರೆದ್ದಿತ್ತು. ಆ ಪುಳಕವನ್ನು ನಾನು ತಲಾಠಿಗಳಿಗೆ ಎಂದೂ ಹೇಳಿಕೊಂಡವನಲ್ಲ. ಸಂಗೀತದಲ್ಲಿ ನಮ್ಮ ಅಭಿರುಚಿಯೆಂಬುದರ ಬಹುಪಾಲು, ಯಾರ ಎದುರಿಗೆ ಯಾವುದನ್ನು ಮೆಚ್ಚಿಕೊಳ್ಳಬಹುದೆಂಬ ಲೆಕ್ಕಾಚಾರವೇ ಆಗಿರುವುದುಂಟು.

ಇದು ನಮ್ಮ ಸೀಮೆಗೆ ಮಾತ್ರ ಸೀಮಿತವಾದ ವ್ಯಾಧಿಯಲ್ಲ. ಅಮೆರಿಕೆಯಲ್ಲಿ ಬಾಬ್ ಡಿಲನ್ನನೆಂಬ ಪದಕಾರ ಗಾಯಕನು ಬರಿಯ ಮರದ ಗಿಟಾರನ್ನು ಹಿಡಿದು ಹಾಡುತ್ತಿದ್ದವನು, 1965ರಲ್ಲಿ ನ್ಯೂಪೋರ್ಟಿನ ಜಾನಪದ ಸಂಗೀತೋತ್ಸವದಲ್ಲಿ ವಿದ್ಯುತ್ತಿನ ಗಿಟಾರನ್ನು ಹಿಡಿದು ನಿಂತಾಗ, ಅವನನ್ನು ತಲೆಯ ಮೇಲೆ ಹೊತ್ತಿದ್ದ ಜನರೇ ಕೂಗಿ ಗದ್ದಲ ಮಾಡಿದರಂತೆ. ಅಲ್ಲಿ ಹಳ್ಳಿಯ ಹಾಡುಗಾರನು ಪೇಟೆಯ ಗದ್ದಲಕ್ಕೆ ಹೋದನೆಂದು ಕೋಪ. ಇಲ್ಲಿ ದರ್ಬಾರಿನ ಗಾಯಕನು ಹಳ್ಳಿಯ ಗುಡಿಗೆ ಬಂದನೆಂದು ಕೋಪ. ಕಲಾವಿದನು ಎತ್ತ ಹೆಜ್ಜೆಯಿಟ್ಟರೂ ಅವನ ಹಿಂದಿನ ಮನೆಯ ಬಾಗಿಲಲ್ಲಿ ನಿಂತು ಬೈಯುವವರು ಇದ್ದೇ ಇರುತ್ತಾರೆ.

ಮೂಲ ಧಾಟಿಯನ್ನು ಕೆಡಿಸಿದರೆಂಬ ಮಾತೂ ಅಂಗಡಿಯಲ್ಲಿ ಬಂದಿತು. ಆದರೆ ದಾಸರ ಪದಗಳಿಗೆ ಮೂಲ ಧಾಟಿಯೆಂಬುದು ಎಲ್ಲಿದೆ? ಪುರಂದರದಾಸರು ಕಾಲಾಧೀನರಾಗಿ ನಾಲ್ಕು ಶತಮಾನಗಳ ಮೇಲಾಯಿತು. ಅವರ ಪದಗಳ ಸಾಹಿತ್ಯವು ತಾಳೆಗರಿಯಲ್ಲಿಯೂ ಬಾಯಲ್ಲಿಯೂ ಉಳಿದುಬಂದಂತೆ ಅವರು ಹಾಡಿದ ಮಟ್ಟುಗಳು ಉಳಿದುಬರಲಿಲ್ಲ. ಇಂದು ಮೈಸೂರು ಸೀಮೆಯಲ್ಲಿ ಕರ್ನಾಟಕ ಸಂಗೀತದವರು ಹಾಡುವ ಮಟ್ಟುಗಳಲ್ಲಿ ಬಹಳಷ್ಟು ಈಚಿನ ವಿದ್ವಾಂಸರು ಕೂಡಿಸಿದುವು. ನಮ್ಮ ಕಡೆಯ ಮಾಧ್ವರ ಮನೆಗಳಲ್ಲಿ ಹೆಂಗಸರು ಹಾಡುವ ಧಾಟಿಗಳು ಅತ್ತೆಯಿಂದ ಸೊಸೆಗೆ ಬರುವಾಗ ಒಡವೆಗಳಂತೆ ಒಂದಿಷ್ಟು ಸವೆದು ಒಂದಿಷ್ಟು ಬೆಸುಗೆಯಾಗಿ ಬಂದುವು. ಭೀಮಸೇನರು ಅಭಂಗಗಳಿಂದ ದಾಸರ ಪದಗಳಿಗೆ ಬಂದುದನ್ನು ಪುಣೆಯವರ ಚಾಳಿಯೆಂದು ತಲಾಠಿಗಳು ಬಿಟ್ಟಿದ್ದರು. ಆದರೆ ತುಕಾರಾಮ ನಾಮದೇವರ ವಿಠ್ಠಲನೂ ಪುರಂದರದಾಸರ ಅಂಕಿತದ ವಿಠಲನೂ ಒಬ್ಬನೇ; ಪಂಢರಪುರದ ಆ ದೇವರನ್ನು ಕನ್ನಡಿಗನೆಂದು ಕರೆದವರು ಮರಾಠಿಯ ಆದಿಸಂತ ಜ್ಞಾನೇಶ್ವರರೇ. ಸಂತವಾಣಿಗೂ ದಾಸವಾಣಿಗೂ ನಡುವೆ ಭೀಮಾನದಿಯ ಅಗಲಕ್ಕಿಂತ ಹೆಚ್ಚಿನ ಅಂತರವನ್ನು ನಾನು ಕಾಣೆ. ಕನ್ನಡದಲ್ಲಿ ಹುಟ್ಟಿ, ಮರಾಠಿಯಲ್ಲಿ ನೆಲಸಿ, ಹಿಂದಿ ವ್ರಜಗಳಲ್ಲಿ ಹಾಡಿ ಹೊಟ್ಟೆ ಹೊರೆದ ಒಬ್ಬಾತನು ಆ ಹೊಳೆಯನ್ನು ಎರಡು ಕಡೆಯಿಂದಲೂ ದಾಟಿದನಲ್ಲದೆ ಬೇರೇನನ್ನು ಮಾಡಿದನು?

ಈ ವಾದವನ್ನು ನಾನು ತಲಾಠಿಗಳ ಮುಂದೆ ಇಟ್ಟಾಗ ಅವರು ಒಪ್ಪಲಿಲ್ಲ. "ದೇವರು ಒಬ್ಬನ ಇರಬಹುದು, ರಾಗ ಒಂದ ಅಲ್ಲ" ಎಂದರು. ಈ ಉತ್ತರಕ್ಕೆ ಇಂದಿಗೂ ನನ್ನಲ್ಲಿ ಪ್ರತ್ಯುತ್ತರವಿಲ್ಲ.

ಒಂದು ಸಲ ತಲಾಠಿಗಳೊಡನೆಯೇ ಕುಂದಗೋಳಕ್ಕೆ ಹೋಗಿದ್ದೆ. ಸವಾಯಿ ಗಂಧರ್ವರ ಪುಣ್ಯತಿಥಿಯ ನಿಮಿತ್ತ ನಾಡಗೀರರ ವಾಡೆಯಲ್ಲಿ ಇರುಳೆಲ್ಲ ನಡೆಯುವ ಸಂಗೀತವದು. 1936ರಲ್ಲಿ ಭೀಮಸೇನರೆಂಬ ಹುಡುಗನು ಶಿಷ್ಯನಾಗಿ ಬಂದು, ಪಾಠಕ್ಕಿಂತ ಹೆಚ್ಚಾಗಿ ನೀರಿನ ಕೊಡ ಹೊತ್ತುದು ಅದೇ ಊರಿನಲ್ಲಿ. ಜನರು ಜಮಖಾನೆಗಳ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತಿದ್ದರು. ಬೆಳಗಿನ ಜಾವಕ್ಕೆ ಭೀಮಸೇನರು ಎರಡು ತಂಬೂರಿಗಳ ನಡುವೆ ಬಂದು ಕುಳಿತು, ಕಣ್ಣು ಮುಚ್ಚಿ, ಬಹಳ ಹೊತ್ತು ಷಡ್ಜವೊಂದನ್ನೇ ಹಚ್ಚುತ್ತಿದ್ದು, ಆಮೇಲೆ ಅದರಿಂದ ಹೊರಟರು. ಅವರ ದೇಹವೇ ರಾಗದೊಡನೆ ಸೆಣಸಾಡುವಂತೆ ಕಾಣುತ್ತಿತ್ತು: ಬಲಗೈ ಯಾವುದೋ ಕಾಣದ ಹಗ್ಗವನ್ನು ಬಾವಿಯಿಂದ ಸೇದುವಂತೆ ಮೇಲೆಳೆಯುವುದು, ಮುಖವು ಒಂದು ಕಡೆಗೆ ತಿರುಚಿಕೊಳ್ಳುವುದು, ಒಮ್ಮೊಮ್ಮೆ ಇಡೀ ಮೈ ಹಿಂದಕ್ಕೆ ವಾಲಿ, ತಾನು ಮುಗಿದೊಡನೆ ಬಿಟ್ಟ ಬಿಲ್ಲಿನಂತೆ ಮುಂದಕ್ಕೆ ಬರುವುದು. ತಲಾಠಿಗಳು ಆನಂದದಿಂದ ನನ್ನ ತೊಡೆಯನ್ನು ಚಿವುಟಿದ ಗುರುತು ಎರಡು ದಿನ ಉಳಿದಿತ್ತು. ಖ್ಯಾಲು ಮುಗಿಯಿತು. ಆಗ ಹಿಂದಿನಿಂದ, ರುಮಾಲು ಸುತ್ತಿದ ಒಬ್ಬ ಮುದುಕನು ಎದ್ದು ನಿಂತು, ದಾಸರ ಪದವೊಂದಾಗಲಿ ಎಂದು ಕೂಗಿದನು. ಮುಂದಿನ ಸಾಲಿನ ರಸಿಕರು ಹೊರಳಿ ಅವನನ್ನು ದುರುಗುಟ್ಟಿ ನೋಡಿದರು. ಭೀಮಸೇನರು ಮಾತ್ರ ನಕ್ಕರು. ನಕ್ಕು, ಹಾರ್ಮೋನಿಯಮ್ಮಿನವನ ಕಡೆಗೆ ಬೆರಳೆತ್ತಿದರು. ಆಶ್ಚರ್ಯವೆಂದರೆ, ಇಡೀ ಖ್ಯಾಲಿನಲ್ಲಿ ಕಾಣದ ಒಂದು ಸಂಗತಿಯನ್ನು ನಾನು ಆಗ ಕಂಡೆ. ಆ ಮೈ ಸುಮ್ಮನಾಗಿತ್ತು. ಕಂಠವು ಎಂದಿನಂತೆ ಏರುತ್ತಿತ್ತು, ಇಳಿಯುತ್ತಿತ್ತು. ಆದರೆ ಕೈ ಹಗ್ಗ ಸೇದುತ್ತಿರಲಿಲ್ಲ. ತನ್ನ ಮನೆಯ ಬಾವಿಯ ನೀರಿನ ಮಟ್ಟ ಬಲ್ಲವನಿಗೆ ಎಷ್ಟು ಹಗ್ಗ ಬಿಡಬೇಕೆಂಬುದು ಗೊತ್ತಿರುತ್ತದೆ.

ಅವರ ಬಾಲ್ಯದ ಕಥೆಗಳು ನನಗೆ ಹೊಸವಲ್ಲ, ನಮ್ಮ ಸೀಮೆಯಲ್ಲಿ ಯಾರಿಗೂ ಹೊಸವಲ್ಲ. ಆದರೆ ಅವುಗಳ ಅರ್ಥ ನನಗೆ ಹೊಳೆದುದು ಅಂದು ಬೆಳಗ್ಗೆ ಕುಂದಗೋಳದ ಸ್ಟೇಶನ್ನಿನಲ್ಲಿ, ಚಹದ ಬಸಿಯನ್ನು ತುಟಿಗೆ ಹಿಡಿದಾಗ. ಗುರುರಾಜ ಜೋಶಿಯವರೆಂಬ ಶಾಲಾಮಾಸ್ತರರ ಹದಿನಾರು ಮಕ್ಕಳಲ್ಲಿ ಹಿರಿಯನಾದ ಭೀಮಸೇನನಿಗೆ, ತಾಯಿ ಗೋದಾವರಿಬಾಯಿ ಹಾಡುತ್ತಿದ್ದ ಭಜನೆಯ ಗುಂಗು ತೊಟ್ಟಿಲಿನಿಂದಲೇ ಹತ್ತಿತ್ತು. ಬೀದಿಯಲ್ಲಿ ಭಜನೆಯ ಮೇಳವೋ ವಾದ್ಯದವರೋ ಹೊರಟರೆ ಸಾಕು, ಹುಡುಗನು ಅವರ ಹಿಂದೆ ನಡೆದುಬಿಡುವನು. ಮೇಳವು ಎಲ್ಲೋ ಮುಗಿಯುವುದು, ಹುಡುಗನು ದಣಿದು ಅಲ್ಲಿಯೇ ಯಾರದೋ ಕಟ್ಟೆಯ ಮೇಲೆ ಮಲಗಿಬಿಡುವನು. ತಂದೆಯು ಪೊಲೀಸರಿಗೆ ದೂರು ಕೊಟ್ಟು ಕೊಟ್ಟು ಬೇಸತ್ತು, ಕಡೆಗೆ ಮಗನ ಅಂಗಿಗಳ ಮೇಲೆಲ್ಲ 'ಜೋಶಿ ಮಾಸ್ತರರ ಮಗ' ಎಂದು ಬರೆದುಬಿಟ್ಟರು. ಸಿಕ್ಕವರು ಓದಿ ಮನೆಗೆ ತಲುಪಿಸಲಿ ಎಂದು. ಆಮೇಲೆ, ಹನ್ನೊಂದರ ವಯಸ್ಸಿನಲ್ಲಿ, ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಗ್ರಾಮಫೋನು ತಟ್ಟೆಯನ್ನು ಕೇಳಿದ್ದು. 1933ರಲ್ಲಿ, ಅನ್ನಕ್ಕೆ ಇನ್ನೊಂದು ಮಿಳ್ಳೆ ತುಪ್ಪ ಸಿಗಲಿಲ್ಲವೆಂಬ ನೆವದಿಂದ ಮನೆ ಬಿಟ್ಟು, ಟಿಕೇಟಿಲ್ಲದೆ ರೈಲು ಹತ್ತಿ, ಗ್ವಾಲಿಯರು, ಜಲಂಧರ ಎಂದು ಅಲೆದದ್ದು.

ಆ ತಟ್ಟೆಯಲ್ಲಿದ್ದುದು ಏನು? ಝಿಂಝೋಟಿಯ ಒಂದು ಠುಮ್ರಿ. ಆ ಕಾಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷ, ಬಹಳವೆಂದ ಮೇಲೆ ಇನ್ನು ಕೆಲವು ಕ್ಷಣ. ವಿಲಂಬಿತದ ಗಾಂಭೀರ್ಯವಿಲ್ಲ, ರಾಗದ ವಿಸ್ತಾರವಿಲ್ಲ. ಅಬ್ದುಲ್ ಕರೀಮ್ ಖಾನರಂತಹ ಖ್ಯಾಲಿನ ಮಹಾನುಭಾವರು ಪೇಟೆಯ ತಟ್ಟೆಗೆಂದು ಠುಮ್ರಿ ಹಾಡಿದುದು ಆ ದಿನಗಳಲ್ಲಿ ಯಾವ ಊರಿನ ತಲಾಠಿಗೆ ಸಹ್ಯವಾಗಿದ್ದೀತು? ಆನೆಯನ್ನು ರಂಟೆಗೆ ಹೂಡಿದರೆಂದು ಅಂದೂ ಯಾರೋ ಅಂದಿರಲೇಬೇಕು. ಆ ಮೂರು ನಿಮಿಷದ ರಂಟೆಯ ಸಾಲಿನಲ್ಲಿ ಬಿದ್ದ ಬೀಜವೇ ಮುಂದೆ ತಲಾಠಿಗಳ ಶನಿವಾರದ ರಾತ್ರಿಗಳನ್ನು ತುಂಬಿತು. ಬಸಿಯ ಚಹ ಆರುತ್ತಿರುವಾಗ ಇದನ್ನು ನಾನು ಅವರಿಗೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಹುಬ್ಬಳ್ಳಿ ಬರುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತಿದ್ದು, ಹುಬ್ಬಳ್ಳಿಯಲ್ಲಿ ಇಳಿಯುವಾಗ, "ಖಾನಸಾಹೇಬರ ಮಾತು ಬ್ಯಾರೆ" ಎಂದಷ್ಟೇ ಅಂದರು.

ಅಂಗಡಿಯಲ್ಲಿ ಜಗಳವು ಇತ್ಯರ್ಥವಾಗಲಿಲ್ಲ, ಹಳತಾಯಿತು ಅಷ್ಟೆ. ಭಜನಾಮೇಳದವರು ಆ ಪದವನ್ನು ತಮ್ಮ ಹಳೆಯ ಧಾಟಿಯಲ್ಲಿಯೇ ಇಟ್ಟುಕೊಂಡರು. ಆದರೆ ಮೇಳದ ಎಳೆಯನೊಬ್ಬನು ನಡುವೆ ಒಂದು ತಾನನ್ನು ಹೊಡೆಯಲು ಹೋಗಿ ಮುಖ್ಯಸ್ಥರಿಂದ ದಿಮ್ಮಿನ ಕೋಲಿನ ಪೆಟ್ಟು ತಿಂದನೆಂದು ಕೇಳಿದ್ದೇನೆ. ಮಾಧವ ಗುಡಿಯವರಂತಹ ಶಿಷ್ಯರು ದಾಸವಾಣಿಯನ್ನು ತಮ್ಮದನ್ನಾಗಿ ಮಾಡಿಕೊಂಡು ಊರೂರಿಗೆ ಹಾಡಿದರು. ಪುಣ್ಯಾಶ್ರಮದಲ್ಲಿ ಕಲಿತ ವೆಂಕಟೇಶಕುಮಾರರ ಕಛೇರಿಯಲ್ಲಿಯೂ ಇಂದು ಖ್ಯಾಲು ಮುಗಿದೊಡನೆ ಹಿಂದಿನಿಂದ ಒಬ್ಬಾತನು ಎದ್ದು ದಾಸರ ಪದವನ್ನೋ ವಚನವನ್ನೋ ಕೇಳುವನು, ಮುಂದಿನ ಸಾಲಿನವರು ಈಗ ಹೊರಳಿ ನೋಡುವುದಿಲ್ಲ. ಕ್ಯಾಸೆಟ್ಟಿನ ಪಟ್ಟಿಯು ಮೆಣಸಿನ ಘಾಟಿಗೋ ತಕ್ಕಡಿಯ ಹುಡುಗನ ಅತಿಭಕ್ತಿಗೋ ಸವೆದು, ಹಾಡು ನೀರಿನೊಳಗಿಂದ ಬಂದಂತೆ ಕೇಳತೊಡಗಿದಾಗ, ಯಜಮಾನರು ಇನ್ನೊಂದನ್ನು ತಂದರು. ಸವೆದುದನ್ನು ತಲಾಠಿಗಳು ಕೇಳಿ ಪಡೆದುಕೊಂಡು ಹೋದರು. ಏತಕ್ಕೆಂದು ಯಾರೂ ಕೇಳಲಿಲ್ಲ.

ಮರುವರ್ಷದ ಶ್ರಾವಣದಲ್ಲಿ, ಒಂದು ಶುಕ್ರವಾರ, ದೀಪ ಹಚ್ಚುವ ಹೊತ್ತಿಗೆ ನಾನು ಹೊರಗಿನಿಂದ ಬಂದು ಪಡಸಾಲೆಯಲ್ಲಿ ಕಾಲು ತೊಳೆಯುತ್ತಿದ್ದೆ. ಒಳಗೆ ಅತ್ತೆಯು ಲಕ್ಷ್ಮೀಪದವನ್ನು ಹಾಡುತ್ತಿದ್ದಳು. ಆಕೆಯ ಧ್ವನಿ ಎಂದಿನಂತೆಯೇ ಇದ್ದಿತು. ಮುಪ್ಪಿನಿಂದ ಕೊಂಚ ನಡುಗುವ, ಕೋಣೆಯ ಹೊಸ್ತಿಲನ್ನು ದಾಟದ ಧ್ವನಿ. ದೇವಿಯು ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬರುವ ನುಡಿಯಲ್ಲಿ ಆಕೆ, ನಾನು ಕೂಸಾಗಿದ್ದಂದಿನಿಂದ ಕೇಳಿದಂತೆ, ಮೇಲಿನ ಸ್ವರದಿಂದ ಮೂರು ಮೆಟ್ಟಿಲನ್ನು ನೇರವಾಗಿ ಇಳಿದುಬಿಡುತ್ತಿದ್ದಳು. ಅಂದು ಇಳಿಯಲಿಲ್ಲ. ಮೇಲೆಯೇ ನಿಂತು, ಆ ಸ್ವರವನ್ನು ಒಂದಿಷ್ಟು ತೂಗಿ, ಪಕ್ಕಕ್ಕೆ ಬಾಗಿಸಿ, ಆಮೇಲೆ ಮೆಲ್ಲನೆ ಜಾರಿಸಿ ಕೆಳಗೆ ತಂದಳು. ಕೈಯಲ್ಲಿದ್ದ ತಂಬಿಗೆಯ ನೀರು ನನ್ನ ಕಾಲಿನ ಬದಲು ನೆಲಕ್ಕೆ ಬಿದ್ದಿತು. ಹಾಡು ಮುಗಿಯುವವರೆಗೂ ತಡೆದು, ಒಳಗೆ ಹೋಗಿ, "ಅತ್ತೀ, ಇದು ಭೀಮಸೇನರ ಧಾಟಿ ಅಲ್ಲೇನು?" ಎಂದೆ.

"ಯಾವ ಭೀಮಸೇನ?" ಎಂದಳು ಆಕೆ. "ನಮ್ಮವ್ವ ರೋಣದಾಗ ಹಿಂಗ ಹಾಡತಿದ್ಲು. ಆ ಹುಡುಗ ಯಾರ ಕಟ್ಟಿ ಮ್ಯಾಲ ಮಲಗಿ ಕೇಳಿದ್ನೋ ಏನೋ." ಹಾಗೆಂದು ಆರತಿಯ ತಟ್ಟೆಯನ್ನು ನನ್ನ ಮುಂದೆ ಹಿಡಿದಳು, ಬತ್ತಿಗಳು ಐದೂ ನೆಟ್ಟಗೆ ನಿಂತು ಉರಿಯುತ್ತಿದ್ದುವು.